ಪ್ರಮಾಣ ಸಡಿಲಾದ ಸಭೆಗಳು: ಮಲಪ್ರಭೆಯ ದಂಡೆಯಿಂದ ಒಂದು ಲೂಥರನ್ ನೋಟ

ಪ್ರಾಟೆಸ್ಟಂಟ್ ಸಭೆಗಳ ಇಳಿತ ಎಂಬ ಮಾತಿನಲ್ಲಿ ಎರಡು ಸಂಗತಿಗಳು ಸೇರಿಕೊಂಡಿವೆ. ಒಂದು ಲೆಕ್ಕಕ್ಕೆ ಸಿಗುವಂಥದು: ಭಾನುವಾರದ ಆರಾಧನೆಗೆ ಬರುವವರು, ದೀಕ್ಷಾಸ್ನಾನ ಹೊಂದುವ ಮಕ್ಕಳು, ಸಭಾಪಾಲಕರಾಗಲು ಮುಂದೆ ಬರುವ ತರುಣರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುವುದು. ಇನ್ನೊಂದು ಲೆಕ್ಕಕ್ಕೆ ಸಿಗದ್ದು: ಯಾವ ಸಂದೇಶಕ್ಕಾಗಿ ಸಭೆ ಹುಟ್ಟಿತೋ ಅದನ್ನೇ ಸಾರಲು ಹಿಂಜರಿಯುವುದು. ಸಂಪ್ರದಾಯನಿಷ್ಠ ಲೂಥರನ್ನರು ಎರಡನೆಯದನ್ನೇ ಮೂಲರೋಗ ಎನ್ನುತ್ತಾರೆ. ಅವರ ದೃಷ್ಟಿಯಲ್ಲಿ ಬೆಂಚುಗಳು ಬರಿದಾಗುವುದು ರೋಗದ ಕೊನೆಯ ಲಕ್ಷಣ. ಅದು ಶುರುವಾಗುವುದು ಪೀಠದ ಮೇಲಿನ ಬೋಧನೆಯಲ್ಲಿ.

ಬೋಧನೆಯ ಆ ರೋಗಕ್ಕೆ ಅವರು ಕೊಡುವ ಹೆಸರು ‘ಉದಾರವಾದ’. ಇಲ್ಲಿ ಆ ಮಾತನ್ನು ರಾಜಕೀಯದ ಅರ್ಥದಲ್ಲಿ ತೆಗೆದುಕೊಳ್ಳಬಾರದು, ಔದಾರ್ಯ ಎಂಬ ಅರ್ಥದಲ್ಲಿಯೂ ಅಲ್ಲ. ಸತ್ಯವೇದ ದೇವರು ಮನುಷ್ಯರಿಗೆ ಆಡಿದ ಮಾತು ಎನ್ನುವ ಬದಲು, ಮನುಷ್ಯರು ದೇವರ ಕುರಿತು ಪಟ್ಟ ಅನುಭವದ ದಾಖಲೆ ಎನ್ನುವುದು ಉದಾರ ದೇವತಾಶಾಸ್ತ್ರದ ತಿರುಳು. ದಾಖಲೆ ಎಂದ ಮೇಲೆ ಕಾಲಕ್ಕೆ ತಕ್ಕಂತೆ ಅದನ್ನು ತಿದ್ದಬಹುದು. ಪವಾಡಗಳು ಕತೆಯಾಗುತ್ತವೆ, ಪುನರುತ್ಥಾನ ಶಿಷ್ಯರ ಮನಸ್ಸಿನಲ್ಲಿ ಹುಟ್ಟಿದ ಭರವಸೆಯ ಸಂಕೇತವಾಗುತ್ತದೆ, ಶಿಲುಬೆ ತ್ಯಾಗಕ್ಕೊಂದು ಮಾದರಿಯಾಗುತ್ತದೆ. ಹೆಸರುಗಳೆಲ್ಲ ಹಾಗೇ ಉಳಿದು ಅರ್ಥ ಮಾತ್ರ ಬದಲಾಗುವುದರಿಂದ ಈ ಜಾರುವಿಕೆ ಬಹುಕಾಲ ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ವಿಷಯಕ್ಕೂ ಮಲಪ್ರಭಾ ನದಿಯ ಆಸುಪಾಸಿನ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಗೂ ಇರುವ ನಂಟು ಹಳೆಯದು. 2011ರ ಜನಗಣತಿಯಂತೆ ಬೆಳಗಾವಿ ಜಿಲ್ಲೆಯಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರೂ ಇಲ್ಲ. ಈ ನಾಲ್ಕು ಊರುಗಳಲ್ಲಿ ‘ಲೂಥರನ್’ ಎಂಬ ಫಲಕ ಕಾಣುವುದೂ ಅಪರೂಪ. ಆದರೂ ಜರ್ಮನಿಯ ಲೂಥರನ್ ನಾಡಿನ ನೆರಳು ಈ ಸೀಮೆಯ ಅಂಚಿನವರೆಗೆ ಬಂದಿದೆ. ಅದು ಹೇಗೆ ಬಂತು, ಬರುವಾಗ ದಾರಿಯಲ್ಲಿ ಏನನ್ನು ಬಿಟ್ಟು ಬಂತು ಎಂಬುದರಲ್ಲಿ ಇಡೀ ಪ್ರಶ್ನೆಯ ಸಣ್ಣ ನಕಾಶೆ ಇದೆ.

ಎರಡು ದಿಕ್ಕಿನಿಂದ ಬಂದ ಸುವಾರ್ತೆ

ಪಶ್ಚಿಮದ ಬೆಳಗಾವಿಗೆ ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬಂದದ್ದು 1820ರಲ್ಲಿ. ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಯುದ್ಧಕ್ಕೆ ಇನ್ನೂ ನಾಲ್ಕು ವರ್ಷ ಇತ್ತು. 1904ರಲ್ಲಿ ಲಂಡನ್ ಮಿಷನ್ ಬೆಳಗಾವಿಯ ಕೆಲಸವನ್ನು ಅಮೆರಿಕದ ಮೆಥಡಿಸ್ಟರಿಗೆ ಒಪ್ಪಿಸಿತು. ದಕ್ಷಿಣ ಮತ್ತು ಪೂರ್ವದ ಕಡೆಯಿಂದ ಬಂದದ್ದು ಬಾಸೆಲ್ ಮಿಷನ್. 1834ರಲ್ಲಿ ಮಂಗಳೂರಿನಲ್ಲಿ ಇಳಿದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರಿಂದ ಆರಂಭವಾದ ಅದರ ಕೆಲಸ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ, 1851ರಲ್ಲಿ ನೇಕಾರರ ಊರಾದ ಗುಳೇದಗುಡ್ಡಕ್ಕೆ ಹಬ್ಬಿತು. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಈ ಎರಡು ಕ್ಷೇತ್ರಗಳ ನಡುವೆ ಬರುತ್ತವೆ.

ಎರಡೂ ಮಿಷನ್ನುಗಳಲ್ಲಿ ಉತ್ಸಾಹ ಇತ್ತು, ತ್ಯಾಗ ಇತ್ತು. ಎರಡಕ್ಕೂ ಸಮಾನವಾದ ಇನ್ನೊಂದು ಗುಣವೂ ಇತ್ತು: ನಿರ್ದಿಷ್ಟ ಸಭೆಯ ನಂಬಿಕೆಯ ಪ್ರಮಾಣವನ್ನು, ಅಂದರೆ ಅದು ಏನನ್ನು ನಂಬುತ್ತದೆಂದು ಬರೆದಿಟ್ಟ ಹೇಳಿಕೆಯನ್ನು, ಹೊತ್ತು ತರಬಾರದೆಂಬ ಸಂಕಲ್ಪ. ಲಂಡನ್ ಮಿಷನ್ 1796ರಲ್ಲೇ ಇದನ್ನು ತನ್ನ ಮೂಲತತ್ವವಾಗಿ ಬರೆದಿಟ್ಟಿತು. ಯಾವ ಪಂಥದ ಆಡಳಿತ ಕ್ರಮವನ್ನೂ ಕಳಿಸುವುದು ಬೇಡ, ಸುವಾರ್ತೆಯನ್ನು ಮಾತ್ರ ಕಳಿಸೋಣ, ಸಭೆಯ ರೂಪವನ್ನು ಅಲ್ಲಿಯವರೇ ನಿರ್ಧರಿಸಲಿ ಎಂಬುದು ಅದರ ಆಶಯ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿ ಹುಟ್ಟಿದ ಬಾಸೆಲ್ ಮಿಷನ್ ಲೂಥರನ್ನರನ್ನೂ ಕ್ಯಾಲ್ವಿನ್ ಪರಂಪರೆಯವರನ್ನೂ ಒಂದೇ ಸೂರಿನಡಿ ತಂದಿತು. ಅದರ ಮಿಷನರಿಗಳಲ್ಲಿ ಹಲವರು ಲೂಥರನ್ ನಾಡಾದ ವುರ್ಟೆಂಬೆರ್ಗಿನವರು. ಆದರೆ ಮಿಷನ್ನಿನ ಜೀವಾಳ ಭಕ್ತಿವಾದ, ಅಂದರೆ ಹೃದಯ ಪರಿವರ್ತನೆಗೂ ಶುದ್ಧ ನಡತೆಗೂ ಮೊದಲ ಸ್ಥಾನ ಕೊಟ್ಟು ಸಿದ್ಧಾಂತದ ಗೆರೆಗಳನ್ನು ಹಿಂದಕ್ಕೆ ಸರಿಸುವ ದಾರಿ.

ಲೂಥರನ್ನರಿಗೆ ಪ್ರಮಾಣ ಏಕೆ ಬೇಕು

ಸಿದ್ಧಾಂತದ ಗೆರೆ ಏಕೆ ಮುಖ್ಯ ಎಂಬುದಕ್ಕೆ ಲೂಥರನ್ನರ ಉತ್ತರ 16ನೆಯ ಶತಮಾನದಿಂದ ಬಂದದ್ದು. 1529ರಲ್ಲಿ ಮಾರ್ಟಿನ್ ಲೂಥರ್ ನಂಬಿಕೆಯ ಪಾಠಕ್ಕಾಗಿ ‘ಸಣ್ಣ ಪ್ರಶ್ನೋತ್ತರ’ ಎಂಬ ಪುಸ್ತಕ ಬರೆದರು. ಅದೇ ವರ್ಷ ಮಾರ್ಬರ್ಗಿನಲ್ಲಿ ಸ್ವಿಸ್ ಸುಧಾರಕ ಜ್ವಿಂಗ್ಲಿಯೊಡನೆ ಚರ್ಚೆ ನಡೆಯಿತು. ಹದಿನೈದು ಅಂಶಗಳಲ್ಲಿ ಹದಿನಾಲ್ಕಕ್ಕೆ ಒಪ್ಪಿಗೆಯಾಯಿತು. ಕರ್ತನ ಭೋಜನದಲ್ಲಿ ಕ್ರಿಸ್ತನ ಶರೀರವೂ ರಕ್ತವೂ ನಿಜವಾಗಿ ಇವೆಯೇ ಎಂಬ ಒಂದು ಪ್ರಶ್ನೆಯಲ್ಲಿ ಆಗಲಿಲ್ಲ. ಕ್ರಿಸ್ತನು ಆಡಿದ ಮಾತನ್ನು ಬುದ್ಧಿಗೆ ಒಗ್ಗುವಂತೆ ಬಗ್ಗಿಸಲು ಲೂಥರ್ ಒಪ್ಪಲಿಲ್ಲ, ರಾಜಕೀಯ ಐಕ್ಯದ ತುರ್ತು ಇದ್ದರೂ ಒಪ್ಪಲಿಲ್ಲ. 1530ರಲ್ಲಿ ಆಗ್ಸ್‌ಬರ್ಗ್ ಪ್ರಮಾಣ ಚಕ್ರವರ್ತಿಯ ಮುಂದೆ ಓದಲ್ಪಟ್ಟಿತು. 1580ರಲ್ಲಿ ಲೂಥರನ್ನರ ಪ್ರಮಾಣಗಳೆಲ್ಲ ‘ಕಾಂಕಾರ್ಡ್ ಗ್ರಂಥ’ವೆಂಬ ಒಂದೇ ಸಂಪುಟದಲ್ಲಿ ಬಂದವು.

ಸಭಾಪಾಲಕನಾಗುವವನು ಈ ಪ್ರಮಾಣಕ್ಕೆ ಸಹಿ ಹಾಕುವುದು ಲೂಥರನ್ ಪದ್ಧತಿ. ಆ ಸಹಿಯ ಅರ್ಥದ ಸುತ್ತ ದೊಡ್ಡ ವಾದವೇ ನಡೆದಿದೆ. ‘ಇದು ಸತ್ಯವೇದಕ್ಕೆ ಹೊಂದುವುದರಿಂದ ಒಪ್ಪುತ್ತೇನೆ’ ಎನ್ನುವುದು ಒಂದು ಬಗೆ. ‘ಸತ್ಯವೇದಕ್ಕೆ ಹೊಂದುವಷ್ಟು ಒಪ್ಪುತ್ತೇನೆ’ ಎನ್ನುವುದು ಇನ್ನೊಂದು. ಕನ್ನಡದಲ್ಲಿ ಇದು ಒಂದು ಪ್ರತ್ಯಯದ ವ್ಯತ್ಯಾಸ. ಮೊದಲ ಬಗೆಯ ಸಹಿ ಬೋಧಕನನ್ನು ಕಟ್ಟಿಹಾಕುತ್ತದೆ. ಎರಡನೆಯದರಲ್ಲಿ ಎಷ್ಟು ಹೊಂದುತ್ತದೆ ಎಂಬುದನ್ನು ಬೋಧಕನೇ ಅಳೆಯುತ್ತಾನೆ. ಆ ಷರತ್ತಿನ ಮೇಲೆ ಯಾವ ಪುಸ್ತಕಕ್ಕಾದರೂ ಸಹಿ ಹಾಕಬಹುದು. ಮೊದಲ ಬಗೆಯನ್ನು ಬಿಟ್ಟು ಎರಡನೆಯದಕ್ಕೆ ಬಂದ ದಿನವೇ ಜಾರುವಿಕೆ ಶುರುವಾಯಿತೆಂದು ಸಂಪ್ರದಾಯನಿಷ್ಠರು ಗುರುತಿಸುತ್ತಾರೆ.

ಟ್ಯೂಬಿಂಗನ್ನಿನ ಎರಡು ಬಾಗಿಲು

ಜಾರುವಿಕೆಯ ಮೊದಲ ಹೆಜ್ಜೆ ನಾಸ್ತಿಕತೆ ಆಗಿರಲಿಲ್ಲ, ಐಕ್ಯ ಆಗಿತ್ತು. 1817ರಲ್ಲಿ, ಮತಸುಧಾರಣೆಯ ಮುನ್ನೂರನೆಯ ವರ್ಷದ ಸಂದರ್ಭದಲ್ಲಿ, ಪ್ರಷ್ಯಾದ ಅರಸ ಮೂರನೆಯ ಫ್ರೆಡರಿಕ್ ವಿಲ್ಹೆಲ್ಮ್ ಲೂಥರನ್ ಸಭೆಗಳನ್ನೂ ಕ್ಯಾಲ್ವಿನ್ ಪರಂಪರೆಯ ರಿಫಾರ್ಮ್ಡ್ ಸಭೆಗಳನ್ನೂ ಒಂದುಗೂಡಿಸಿದ. ಒಪ್ಪದ ಲೂಥರನ್ನರಲ್ಲಿ ಕೆಲವರು ಸೆರೆ ಸೇರಿದರು, ಕೆಲವರು ದೇಶ ಬಿಟ್ಟರು. ನೆರೆಯ ಸ್ಯಾಕ್ಸನಿಯಲ್ಲಿ ಬೋಧಕರ ವಿಚಾರವಾದಕ್ಕೆ ಬೇಸತ್ತು 1838–39ರಲ್ಲಿ ಅಮೆರಿಕಕ್ಕೆ ಹಡಗು ಹತ್ತಿದವರ ನಡುವಿನಿಂದಲೇ 1847ರಲ್ಲಿ ಮಿಸೌರಿ ಸಿನಡ್ ಎಂಬ ಲೂಥರನ್ ಸಭೆ ಹುಟ್ಟಿತು. ಇಂದಿಗೂ ಸಂಪ್ರದಾಯನಿಷ್ಠ ಲೂಥರನ್ನರ ಮುಖ್ಯ ನೆಲೆಗಳಲ್ಲಿ ಅದು ಒಂದು.

ಎರಡನೆಯ ಹೆಜ್ಜೆ ವಿಶ್ವವಿದ್ಯಾಲಯಗಳದು. 1835ರಲ್ಲಿ ಡೇವಿಡ್ ಫ್ರೀಡ್ರಿಕ್ ಸ್ಟ್ರೌಸ್ ಬರೆದ ಯೇಸುವಿನ ಜೀವನಚರಿತ್ರೆ ಹೊರಬಂತು. ಸುವಾರ್ತೆಗಳ ಪವಾಡಗಳನ್ನು ಪುರಾಣಕಲ್ಪನೆ ಎಂದ ಈ ಗ್ರಂಥ ಯುರೋಪನ್ನೇ ಅಲುಗಾಡಿಸಿತು. ಸ್ಟ್ರೌಸ್ ಆ ದಶಕದ ಆರಂಭದಲ್ಲಿ ವುರ್ಟೆಂಬೆರ್ಗಿನ ಟ್ಯೂಬಿಂಗನ್ನಿನಲ್ಲಿ ಅಧ್ಯಾಪಕರಾಗಿದ್ದವರು. ಅದೇ ಟ್ಯೂಬಿಂಗನ್ನಿನಲ್ಲಿ ದೇವತಾಶಾಸ್ತ್ರ ಓದಿದ ಹರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದರು, 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದರು. ಒಂದೇ ಊರಿನ ಒಂದು ಬಾಗಿಲಿನಿಂದ ಸಂಶಯ ಹೊರಟಿತು, ಇನ್ನೊಂದರಿಂದ ಕನ್ನಡ ನಾಡಿಗೆ ಸುವಾರ್ತೆ ಹೊರಟಿತು. ಬಾಸೆಲಿನ ಭಕ್ತಿವಾದ ಸಂಶಯವನ್ನು ಮನಸಾರೆ ವಿರೋಧಿಸಿತು. ಆದರೆ ವಿರೋಧಿಸಿದ್ದು ಬಿಸಿಯಾದ ಹೃದಯದ ಬಲದಿಂದ, ಬರೆದಿಟ್ಟ ಪ್ರಮಾಣದ ಬಲದಿಂದ ಅಲ್ಲ. ಹೃದಯದ ಬಿಸಿ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ತಾನಾಗಿ ದಾಟುವುದಿಲ್ಲ.

ಆ ಕಾಲದಲ್ಲೇ ಇದನ್ನು ಗಮನಿಸಿದವರಿದ್ದರು. ಬಾಸೆಲ್ ಮಿಷನ್ನಿಗೆ ನೆರವಾಗುತ್ತಿದ್ದ ಸ್ಯಾಕ್ಸನಿಯ ಲೂಥರನ್ನರು 1836ರಲ್ಲಿ ಪ್ರತ್ಯೇಕವಾಗಿ ಡ್ರೆಸ್ಡೆನ್ ಮಿಷನ್ ಕಟ್ಟಿದರು. 1848ರಲ್ಲಿ ಲೈಪ್ಜಿಗಿಗೆ ಸ್ಥಳಾಂತರಗೊಂಡ ಆ ಮಿಷನ್ ತಮಿಳುನಾಡಿನಲ್ಲಿ, ಜೀಗನ್‌ಬಾಲ್ಗ್ ಎಂಬ ಮಿಷನರಿ 1706ರಲ್ಲಿ ತರಂಗಂಬಾಡಿಯಲ್ಲಿ ಆರಂಭಿಸಿದ್ದ ಕೆಲಸವನ್ನು ಮುಂದುವರಿಸಿತು. ಮಿಷನ್ ಸಾರುವುದು ಸಭೆಯ ನಂಬಿಕೆಯನ್ನು, ಆದ್ದರಿಂದ ಮಿಷನ್ನಿಗೂ ಪ್ರಮಾಣ ಬೇಕು ಎಂಬುದು ಅವರ ನಿಲುವು.

19ನೆಯ ಶತಮಾನದ ಕೊನೆಗೆ ಲೈಪ್ಜಿಗ್ ಮಿಷನ್ನಿನ ಒಳಗೂ ಅದೇ ಬಿರುಕು ಕಾಣಿಸಿತು. ಸತ್ಯವೇದದ ಪ್ರತಿ ಮಾತೂ ದೈವಪ್ರೇರಿತ, ತಪ್ಪಿಲ್ಲದ್ದು ಎಂದು ಹಿಡಿದ ನೇಥರ್ ಮತ್ತು ಮೋನ್ ಎಂಬ ಮಿಷನರಿಗಳು ಆ ಮಿಷನ್ನಿನಿಂದ ಹೊರಬಂದರು. ಮಿಸೌರಿ ಸಿನಡ್ ಅವರನ್ನೇ ಮತ್ತೆ ಭಾರತಕ್ಕೆ ಕಳಿಸಿತು. ಕರ್ನಾಟಕದ ಗಡಿಗೆ ಹತ್ತಿರದ ಕೃಷ್ಣಗಿರಿಯಲ್ಲಿ 1895ರಲ್ಲಿ ಅವರ ಕೆಲಸ ಶುರುವಾಯಿತು. ನೇಥರ್ 1904ರಲ್ಲಿ ಅಲ್ಲೇ ಪ್ಲೇಗಿಗೆ ಬಲಿಯಾದರು. ಈ ಬೇರಿನಿಂದ ಬೆಳೆದ ಇಂಡಿಯಾ ಇವ್ಯಾಂಜೆಲಿಕಲ್ ಲೂಥರನ್ ಚರ್ಚ್ 1958ರಲ್ಲಿ ಸ್ವತಂತ್ರ ಸಭೆಯಾಯಿತು.

ಇಷ್ಟು ಹೇಳಿದ ಮೇಲೆ ಮರೆಮಾಚಬಾರದ ಒಂದು ಮಾತಿದೆ. ಜಾತಿಯ ವಿಷಯದಲ್ಲಿ ಬಾಸೆಲ್ ಮಿಷನ್ ಬಿಗಿಯಾಗಿತ್ತು. ಸಭೆಗೆ ಬಂದವನು ಜಾತಿಭೇದ ಬಿಟ್ಟೇ ಬರಬೇಕಿತ್ತು. ಪ್ರಮಾಣದಲ್ಲಿ ಬಿಗಿಯಾಗಿದ್ದ ಲೈಪ್ಜಿಗ್ ಮಿಷನ್, ಜಾತಿ ಸಾಮಾಜಿಕ ವ್ಯವಸ್ಥೆಯಷ್ಟೇ ಎಂದು ಅದನ್ನು ಸಹಿಸಿತು. ಒಂದೇ ಬಟ್ಟಲಿನಿಂದ ಕುಡಿಯಬೇಕಾದ ಕರ್ತನ ಮೇಜಿನ ಬಳಿ ಭೇದಕ್ಕೆ ಎಡೆ ಕೊಟ್ಟದ್ದು ಲೂಥರನ್ ಪ್ರಮಾಣಕ್ಕೇ ಮಾಡಿದ ಅಪಚಾರ. ಪ್ರಮಾಣ ಕಪಾಟಿನಲ್ಲಿದ್ದರೆ ಸಾಲದು ಎಂಬುದಕ್ಕೆ ಇದಕ್ಕಿಂತ ಕಹಿಯಾದ ಸಾಕ್ಷಿ ಬೇಕಿಲ್ಲ.

ಐಕ್ಯದ ಶತಮಾನ

1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸರಕಾರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು, ಬಳಿಕ ದೇಶದಿಂದ ಹೊರಗೆ ಕಳಿಸಿತು. ಬಾಸೆಲ್ ಸಭೆಗಳು ಒಮ್ಮೆಲೇ ತಮ್ಮ ಗುರುಗಳನ್ನು ಕಳೆದುಕೊಂಡವು. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಬ್ರಿಟಿಷ್ ಮೆಥಡಿಸ್ಟ್, ಕಾಂಗ್ರಿಗೇಷನಲ್, ಪ್ರೆಸ್ಬಿಟೇರಿಯನ್ ಪರಂಪರೆಗಳು ಸೇರಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಆಯಿತು. ಮುಂದಿನ ದಶಕಗಳಲ್ಲಿ ಕನ್ನಡ ನಾಡಿನ ಬಾಸೆಲ್ ಸಭೆಗಳೂ ಅದರೊಳಗೆ ಸೇರಿದವು. 1970ರಲ್ಲಿ ಕರ್ನಾಟಕದ ಧರ್ಮಪ್ರಾಂತ ಮೂರಾದಾಗ ಧಾರವಾಡ ಉತ್ತರ ಪ್ರಾಂತದ ಕೇಂದ್ರವಾಯಿತು. ಬೆಳಗಾವಿ ಕಡೆಯ ಮೆಥಡಿಸ್ಟರು ಮಾತ್ರ ಬೇರೆಯೇ ಉಳಿದರು. ಅವರ ಸಭೆ 1981ರಲ್ಲಿ ‘ಮೆಥಡಿಸ್ಟ್ ಚರ್ಚ್ ಇನ್ ಇಂಡಿಯಾ’ ಎಂಬ ಸ್ವಾಯತ್ತ ಸಭೆಯಾಯಿತು.

ಸಿಎಸ್‌ಐ ಐಕ್ಯದ ಅಡಿಪಾಯ ನಾಲ್ಕು: ಪವಿತ್ರ ಗ್ರಂಥ, ಅಪೊಸ್ತಲರ ಮತ್ತು ನೈಸಿಯಾದ ವಿಶ್ವಾಸಪ್ರಮಾಣಗಳು, ಎರಡು ಸಂಸ್ಕಾರಗಳು, ಪರಂಪರಾಗತ ಬಿಷಪ್ ಪದವಿ. ಲೂಥರನ್ನರು ಸಿಎಸ್‌ಐ ಜೊತೆ ವರ್ಷಗಟ್ಟಲೆ ಮಾತುಕತೆ ನಡೆಸಿದರೂ ಒಳಗೆ ಹೋಗಲಿಲ್ಲ. ಆಗ್ಸ್‌ಬರ್ಗ್ ಪ್ರಮಾಣದ ಏಳನೆಯ ವಿಧಿಯ ಪ್ರಕಾರ ಸಭೆಯ ಐಕ್ಯಕ್ಕೆ ಸುವಾರ್ತೆಯ ಬೋಧನೆಯಲ್ಲೂ ಸಂಸ್ಕಾರಗಳ ಆಚರಣೆಯಲ್ಲೂ ಒಮ್ಮತ ಇದ್ದರೆ ಸಾಕು, ಆದರೆ ಅದು ಇರಲೇಬೇಕು. ಬಿಷಪ್ ಪದವಿಯನ್ನು ಅಡಿಗಲ್ಲಾಗಿಸಿ, ಕರ್ತನ ಭೋಜನ ಏನೆಂಬುದನ್ನು ಅವರವರ ಮನಸ್ಸಿಗೆ ಬಿಟ್ಟರೆ ಅದು ಮನುಷ್ಯರು ಬೇಕೆಂದದ್ದನ್ನು ಬಿಗಿ ಮಾಡಿ, ಕ್ರಿಸ್ತನು ಕೊಟ್ಟದ್ದನ್ನು ಸಡಿಲ ಮಾಡಿದಂತೆ ಎಂಬುದು ಸಂಪ್ರದಾಯನಿಷ್ಠರ ಆಕ್ಷೇಪ. ಪುಟ್ಟ ಸಭೆಗಳು ಒಡೆದು ಚೂರಾಗದಂತೆ ಕಾಪಾಡಿದ್ದು ಈ ಐಕ್ಯದ ಹಿರಿಮೆ. ಆ ಐಕ್ಯಕ್ಕೆ ಸಭೆ ತೆತ್ತ ಬೆಲೆಯನ್ನೂ ಎಣಿಸಬೇಕು ಎಂಬುದಷ್ಟೇ ವಾದ.

ಅಂಕಿಗಳು ಹೇಳುವುದು, ಹೇಳದಿರುವುದು

ಪಶ್ಚಿಮದ ಅಂಕಿಗಳು ಕಣ್ಣಿಗೆ ರಾಚುತ್ತವೆ. ಅಮೆರಿಕದ ಅತಿ ದೊಡ್ಡ ಲೂಥರನ್ ಸಭೆ ಇಎಲ್‌ಸಿಎ 1988ರಲ್ಲಿ ಶುರುವಾದಾಗ ಅದರ ಸದಸ್ಯರು 50 ಲಕ್ಷಕ್ಕೂ ಹೆಚ್ಚು. ಈಗ 30 ಲಕ್ಷಕ್ಕಿಂತ ಕಡಿಮೆ. ಸಲಿಂಗ ಸಂಬಂಧದಲ್ಲಿರುವವರ ದೀಕ್ಷೆಗೆ ಅದು 2009ರಲ್ಲಿ ಒಪ್ಪಿಗೆ ಕೊಟ್ಟ ಮೇಲೆ ನೂರಾರು ಸಭೆಗಳು ಹೊರನಡೆದವು. ಸ್ವೀಡನ್ನಿನ ಲೂಥರನ್ ಸಭೆ 2000ದಲ್ಲಿ ಸರಕಾರದಿಂದ ಬೇರ್ಪಟ್ಟಾಗ ಜನಸಂಖ್ಯೆಯ ಶೇ. 80ಕ್ಕೂ ಹೆಚ್ಚು ಮಂದಿ ಅದರ ಸದಸ್ಯರಾಗಿದ್ದರು. ಈಗ ಅರ್ಧಕ್ಕಿಂತ ತುಸು ಹೆಚ್ಚು. ಜರ್ಮನಿಯ ಪ್ರಾಟೆಸ್ಟಂಟ್ ಸಭೆಗಳ ಒಟ್ಟು ಸದಸ್ಯರು 2023ರ ಕೊನೆಗೆ 1.9 ಕೋಟಿಗಿಂತ ಕಡಿಮೆ. ಬೆಳಗಾವಿಯ ಮೆಥಡಿಸ್ಟರ ಮೂಲಮನೆಯಾದ ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ಸಭೆಯಿಂದ 2019ರಿಂದ 2023ರ ನಡುವೆ ಕಾಲುಭಾಗದಷ್ಟು ಸ್ಥಳೀಯ ಸಭೆಗಳು ಬೇರೆಯಾದವು.

ಸಂಪ್ರದಾಯನಿಷ್ಠರು ಈ ಅಂಕಿಗಳನ್ನು ಗೆಲುವಿನ ಬಾವುಟವಾಗಿ ಬೀಸುವಂತಿಲ್ಲ. ಮಿಸೌರಿ ಸಿನಡ್ಡೇ 1970ರ ಸುಮಾರಿಗೆ ಮುಟ್ಟಿದ್ದ 28 ಲಕ್ಷದಿಂದ ಈಗ 18 ಲಕ್ಷದ ಒಳಗೆ ಇಳಿದಿದೆ. 1974ರ ಫೆಬ್ರುವರಿಯಲ್ಲಿ ಸೇಂಟ್ ಲೂಯಿಸಿನ ಅದರ ಸೆಮಿನರಿಯಲ್ಲಿ ಸತ್ಯವೇದದ ಅಧಿಕಾರದ ಪ್ರಶ್ನೆಯ ಮೇಲೆ ಬಹುಪಾಲು ಅಧ್ಯಾಪಕರೂ ವಿದ್ಯಾರ್ಥಿಗಳೂ ಹೊರನಡೆದರು. ಸಿನಡ್ ತನ್ನ ಪ್ರಮಾಣವನ್ನು ಉಳಿಸಿಕೊಂಡಿತು, ಎಣಿಕೆಯನ್ನು ಉಳಿಸಿಕೊಳ್ಳಲಾಗಲಿಲ್ಲ. ಮಕ್ಕಳು ಕಡಿಮೆಯಾದದ್ದು, ಹಳ್ಳಿಗಳು ಬರಿದಾದದ್ದು, ಜನ ಸಂಘಸಂಸ್ಥೆಗಳಿಂದಲೇ ದೂರ ಸರಿದದ್ದು ಎಲ್ಲ ಸಭೆಗಳನ್ನೂ ತಟ್ಟಿದೆ. ಶುದ್ಧ ಬೋಧನೆ ಜನರನ್ನು ತುಂಬಿಸುವ ತಂತ್ರ ಅಲ್ಲ. ಕೊನೆಗೆ ಹತ್ತೇ ಜನ ಉಳಿದರೂ ಆ ಹತ್ತು ಜನರಿಗೆ ಸಿಗಬೇಕಾದದ್ದು ಸಿಗುತ್ತದೆ ಎಂಬುದೇ ಅದರ ಭರವಸೆ.

ಆದರೆ ಪಶ್ಚಿಮವೇ ಜಗತ್ತಲ್ಲ. ಇಥಿಯೋಪಿಯಾದ ಮೆಕಾನೆ ಯೇಸುಸ್ ಲೂಥರನ್ ಸಭೆ 1959ರಲ್ಲಿ ಸ್ಥಾಪನೆಯಾದಾಗ ಅದರಲ್ಲಿದ್ದವರು ಸುಮಾರು 20 ಸಾವಿರ. ಕಮ್ಯುನಿಸ್ಟ್ ಆಡಳಿತದ ಹಿಂಸೆಯನ್ನು ದಾಟಿ ಅದು ಇಂದು ಒಂದು ಕೋಟಿಯನ್ನು ಮೀರಿದೆ. 2013ರಲ್ಲಿ ಅದು ತನ್ನ ಹಿರಿಯ ಪೋಷಕರಾಗಿದ್ದ ಸ್ವೀಡನ್ ಸಭೆಯೊಡನೆಯೂ ಇಎಲ್‌ಸಿಎಯೊಡನೆಯೂ ಸಹಭಾಗಿತ್ವ ಕಡಿದುಕೊಂಡಿತು. ಹಣ ಬರುತ್ತಿದ್ದ ಕೈಯನ್ನು ಬಿಟ್ಟು ಪ್ರಮಾಣವನ್ನು ಹಿಡಿದ ಬಡನಾಡಿನ ಸಭೆಯ ಈ ನಿರ್ಧಾರ, ಮಿಷನ್ನಿನಿಂದ ಹುಟ್ಟಿದ ಸಭೆಗಳಿಗೆಲ್ಲ ಪಾಠ.

ಇಲ್ಲಿನ ಜಾರುವಿಕೆಯ ರೂಪ

ಉತ್ತರ ಕರ್ನಾಟಕದ ಸಭೆಗಳಲ್ಲಿ ಪುನರುತ್ಥಾನವನ್ನು ಅಲ್ಲಗಳೆಯುವ ಪಾದ್ರಿಯನ್ನು ಹುಡುಕಬೇಕಾಗುತ್ತದೆ. ಇಲ್ಲಿನ ಜಾರುವಿಕೆಗೆ ಬೇರೆ ಮುಖಗಳಿವೆ. ಮೊದಲನೆಯದು ಕಲಿಕೆ ತೆಳುವಾದದ್ದು. ಪ್ರಶ್ನೋತ್ತರದ ಪಾಠವನ್ನು ದೃಢೀಕರಣಕ್ಕೆ ಮುಂಚಿನ ಕೆಲವು ವಾರಗಳಲ್ಲಿ ಮುಗಿಸಿ, ದೃಢೀಕರಣವನ್ನು ಮದುವೆಗೆ ಬೇಕಾದ ಸರ್ಟಿಫಿಕೇಟಿನಂತೆ ಕಾಣುವ ರೂಢಿ ಬೆಳೆದರೆ, ಮರುವರ್ಷ ಆ ಹುಡುಗನಿಗೆ ತಾನು ಏಕೆ ಕ್ರೈಸ್ತ ಎಂದು ಹೇಳಲು ಮಾತಿರುವುದಿಲ್ಲ.

ಎರಡನೆಯದು ಬೋಧನೆ ಬದಲಾದದ್ದು. ದೇವತಾಶಾಸ್ತ್ರದ ಪದವಿ ಕೊಡುವ ಶ್ರೀರಾಂಪುರ ಸೆನೆಟಿನ ಪಠ್ಯಕ್ರಮದಲ್ಲಿ ಓದಿ ಬರುವ ಬೋಧಕರು ಸತ್ಯವೇದದ ಐತಿಹಾಸಿಕ ವಿಮರ್ಶೆಯನ್ನೂ ವಿಮೋಚನಾ ಮತ್ತು ದಲಿತ ದೇವತಾಶಾಸ್ತ್ರಗಳನ್ನೂ ಕಲಿಯುತ್ತಾರೆ. ತುಳಿತಕ್ಕೆ ಒಳಗಾದವರ ಕೂಗು ದೇವರ ಕಿವಿಗೆ ಬೀಳುತ್ತದೆ ಎಂಬುದು ಸತ್ಯವೇದದ್ದೇ ಮಾತು. ಜಾತಿಯನ್ನು ಸಹಿಸಿದ ಪರಂಪರೆಯವರು ಅದನ್ನು ತಲೆಬಾಗಿ ಕೇಳಬೇಕು. ಆದರೆ ಲೂಥರನ್ನರು ನಿಯಮ ಮತ್ತು ಸುವಾರ್ತೆಯನ್ನು ಬೇರೆ ಮಾಡುತ್ತಾರೆ. ನ್ಯಾಯ ಮಾಡು ಎಂಬುದು ನಿಯಮ, ಮನುಷ್ಯನು ಮಾಡಬೇಕಾದದ್ದು. ಕ್ರಿಸ್ತನು ನಿನಗಾಗಿ ಸತ್ತು ಎದ್ದಿದ್ದಾನೆ, ನಿನ್ನ ಪಾಪ ಕ್ಷಮೆಯಾಗಿದೆ ಎಂಬುದು ಸುವಾರ್ತೆ, ದೇವರು ಮಾಡಿ ಮುಗಿಸಿದ್ದು. ಮೊದಲನೆಯದನ್ನೇ ಸುವಾರ್ತೆ ಎಂದು ಕರೆದರೆ ದಣಿದು ಬಂದ ಮನುಷ್ಯನ ಹೆಗಲಿಗೆ ಇನ್ನೊಂದು ಮೂಟೆ ಹೊರಿಸಿದಂತಾಗುತ್ತದೆ.

ಮೂರನೆಯದು ಹೊಸ ಪ್ರಾರ್ಥನಾ ಮಂದಿರಗಳ ಸೆಳೆತ. ಹಳೆಯ ಸಭೆಯಲ್ಲಿ ಹಸಿವು ತೀರದವರು ರೋಗ ವಾಸಿಯಾಗುವ, ಸಾಲ ತೀರುವ, ಆಶೀರ್ವಾದ ಸುರಿಯುವ ಭರವಸೆ ಸಿಗುವ ಕಡೆಗೆ ಹೋಗುತ್ತಾರೆ. ಮೇಲ್ನೋಟಕ್ಕೆ ಇದು ಉದಾರವಾದದ ವಿರುದ್ಧ ಧ್ರುವ. ಸಂಪ್ರದಾಯನಿಷ್ಠ ಲೂಥರನ್ನರಿಗೆ ಎರಡೂ ಒಂದೇ ತಪ್ಪಿನ ಎರಡು ಕೊಂಬೆ. ಒಂದು ಮನುಷ್ಯನ ವಿಚಾರವನ್ನು, ಇನ್ನೊಂದು ಮನುಷ್ಯನ ಅನುಭವವನ್ನು ದೇವರ ವಾಕ್ಯದ ಮೇಲೆ ಕೂರಿಸುತ್ತದೆ. ಲೂಥರ್ 1518ರಲ್ಲಿ ಹೈಡಲ್‌ಬರ್ಗಿನಲ್ಲಿ ವೈಭವದ ದೇವತಾಶಾಸ್ತ್ರಕ್ಕೂ ಶಿಲುಬೆಯ ದೇವತಾಶಾಸ್ತ್ರಕ್ಕೂ ಗೆರೆ ಎಳೆದದ್ದು ಇದಕ್ಕಾಗಿಯೇ. ಮಗು ವಾಸಿಯಾಗದಿದ್ದಾಗ ವಿಶ್ವಾಸ ಸಾಲದೆಂದು ತಾಯಿಯನ್ನು ದೂರುವುದು ವೈಭವದ ದಾರಿ. ಆ ತಾಯಿಯ ಪಕ್ಕದಲ್ಲಿ ಶಿಲುಬೆಯ ಮೇಲಿನ ಕ್ರಿಸ್ತನನ್ನು ತೋರಿಸುವುದು ಶಿಲುಬೆಯ ದಾರಿ.

ಎಣಿಕೆಯ ಆಸೆ ಈ ನೆಲದಲ್ಲಿ ಹಿಂದೆಯೂ ಮೋಸ ಮಾಡಿದೆ. 1840ರ ಸುಮಾರಿಗೆ ಧಾರವಾಡ ಸೀಮೆಯ ಕಾಲಜ್ಞಾನಿಗಳು ಎಂಬ ಪಂಥದವರು ತಮ್ಮ ವಚನಗಳಲ್ಲಿ ಹೇಳಿದ ಗುರುಗಳು ಇವರೇ ಇರಬಹುದೆಂದು ಬಾಸೆಲ್ ಮಿಷನರಿಗಳ ಬಳಿ ಬಂದರು. ಸಾವಿರಾರು ಜನ ಸಭೆಗೆ ಸೇರುತ್ತಾರೆಂದು ಮಿಷನರಿಗಳು ನಂಬಿ, ಬೆಟಗೇರಿಯ ಹತ್ತಿರದ ಮಲಸಮುದ್ರದಲ್ಲಿ ಅವರಿಗಾಗಿ ನೆಲ ಪಡೆದರು. ಆ ಸಾವಿರಾರು ಜನ ಬರಲೇ ಇಲ್ಲ. ಮುಂದೆ ಬೆಟಗೇರಿ, ಗುಳೇದಗುಡ್ಡಗಳಲ್ಲಿ ಉಳಿದ ಸಭೆಗಳು ಒಂದೊಂದೇ ಮನೆಗೆ ಕಲಿಸಿ ಕಟ್ಟಿದವು.

ಮರಳುವ ದಾರಿ

ಸಂಪ್ರದಾಯನಿಷ್ಠ ಲೂಥರನ್ನರು ಹೇಳುವ ಮದ್ದು ದೊಡ್ಡ ಯೋಜನೆಯಲ್ಲ. 1528ರಲ್ಲಿ ಸ್ಯಾಕ್ಸನಿಯ ಹಳ್ಳಿಗಳಿಗೆ ಭೇಟಿ ಕೊಟ್ಟ ಲೂಥರ್ ಅಲ್ಲಿನ ರೈತರಿಗೂ ಕೆಲವು ಪಾದ್ರಿಗಳಿಗೂ ಕರ್ತನ ಪ್ರಾರ್ಥನೆಯೇ ಬಾರದ್ದನ್ನು ಕಂಡರು. ಅದಕ್ಕೆ ಉತ್ತರವಾಗಿ ಬರೆದದ್ದು ಸಣ್ಣ ಪ್ರಶ್ನೋತ್ತರ. ಹತ್ತು ಆಜ್ಞೆಗಳು, ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ, ದೀಕ್ಷಾಸ್ನಾನ, ಪಾಪನಿವೇದನೆ, ಕರ್ತನ ಭೋಜನ, ಇಷ್ಟನ್ನು ಮಗುವಿಗೂ ತಿಳಿಯುವ ಮಾತಿನಲ್ಲಿ ಹೇಳುವ ಪುಸ್ತಕ ಅದು. ಅದನ್ನು ಕಲಿಸುವ ಹೊಣೆಯನ್ನು ಲೂಥರ್ ಮನೆಯ ಯಜಮಾನನಿಗೆ ಕೊಟ್ಟರು. ಸಂಜೆ ದೀಪ ಹಚ್ಚಿದ ಮೇಲೆ ಅಡುಗೆಮನೆಯ ಮುಂದೆ ಚಾಪೆ ಹಾಸಿ ಹತ್ತು ನಿಮಿಷ ಕೂತರೆ ನಡೆಯುವ ಕೆಲಸ ಇದು.

ಉಳಿದದ್ದು ಸಭೆಯ ಕೆಲಸ. ಬೋಧಕನಿಂದ ಷರತ್ತಿಲ್ಲದ ಸಹಿ ಕೇಳುವುದು. ಪ್ರತಿ ಭಾನುವಾರ ಪಾಪಕ್ಷಮೆಯ ಮಾತನ್ನು ನೇರವಾಗಿ ಕೇಳಿಸುವುದು. ಕರ್ತನ ಭೋಜನವನ್ನು ವರ್ಷದ ಕೆಲವು ದಿನಗಳಿಗೆ ಮೀಸಲಿಡದೆ ಸಭೆಯ ನಿತ್ಯದ ಊಟವಾಗಿಸುವುದು. ಜಾತಿ, ಹಣ, ಮನೆತನ ನೋಡದೆ ಆ ಮೇಜಿಗೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕರೆಯುವುದು. ಎಂಥ ಬರಗಾಲದಲ್ಲೂ ಬೈಲಹೊಂಗಲದ ಒಕ್ಕಲುಮನೆ ಬಿತ್ತನೆಯ ಜೋಳವನ್ನು ಬೀಸಿ ಉಣ್ಣುವುದಿಲ್ಲ. ಸಭೆಗೆ ಆ ಬೀಜ ಅದರ ನಂಬಿಕೆಯ ಪ್ರಮಾಣ. ಬೆಳೆ ಎಷ್ಟು ಬರುತ್ತದೆ ಎಂಬುದು ಮಳೆ ಕೊಡುವವನಿಗೆ ಸೇರಿದ್ದು, ಬೀಜವನ್ನು ಕಾಯುವುದು ಸಭೆಗೆ ಸೇರಿದ್ದು.